ಹೈಬ್ರಿಡ್ ಕಾರಿನ ಬಾಲಕ್ಕೆ ಕಟ್ಟಿದ ಟಗರು

…ಅದಕ್ಕೇ ಹೇಳಿದ್ದು, ತಪ್ಪೆಲ್ಲ ಟಗರಿನದು ಅನ್ನುವ ಯತೀಶನ ಮಾತನ್ನು ಪೂರ್ತಿ ನಂಬಬೇಡಿ ಅಂತ. ಟಗರು ಗುದ್ದಿದ್ದು ನಿಜ. ಕಾರಿನ ಬಾಗಿಲು ಊಟದ ತಟ್ಟೆಯ ಹಾಗೆ ಒಳಗೆ ಹೋದದ್ದೂ ನಿಜ. ಆದರೆ ಅದು ಕಥೆಯ ಬಾಲ. ಕಥೆಯ ತಲೆ ಇರುವುದು ಮಳವಳ್ಳಿ ಪಕ್ಕದ ಅವನ ಊರಿನಲ್ಲಿ, ಹಾಲಿನ ಡೇರಿ ಮುಂದೆ ನಿಂತು ಒಂದು ಸಂಜೆ ಅವನು ಮಾಡಿದ ಭೀಷಣ ಪ್ರತಿಜ್ಞೆಯಲ್ಲಿ!

"ಪಿಕಪ್ಪು ಯಾಕ್ಲಾ ಬೇಕು? ನನ್ ಹೈಬ್ರಿಡ್ಡು ಎಳೀತದೆ! ಇಂದ್ಗಡೆ ಒಂದ್ ಪುಟಾಣಿ ಟ್ರೇಲರ್ ಸಿಗಾಕ್ಕಂಡ್ರೆ ವಿ.ಸಿ. ಫಾರಂ ಏನು, ಡೆಲ್ಲಿಗೂ ಓಯ್ತೀನಿ ಟಗರಾ ಕೂರಿಸ್ಕಂಡು!"

ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ಕೇಳಿದರು. ಡೇರಿಯ ಕಾರ್ಯದರ್ಶಿ ಮಾತಾಡುವಾಗ ಕೇಳಲೇಬೇಕು, ಹಾಲಿನ ಡಿಗ್ರಿ ಅಳೆಯುವವನು ಅವನೇ ತಾನೆ?

ಯತೀಶನಿಗೆ ಆ ಕಾರಿನ ಮೇಲಿದ್ದ ಪ್ರೀತಿಯನ್ನು ಏನಂತ ಹೇಳುವುದು! ಬೆಂಗಳೂರಿನವರು ಯಾರೋ ಓಡಿಸಿ ಬಿಟ್ಟ ಹಳೆಯ ಹೈಬ್ರಿಡ್ ಕಾರು. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಮೆಲ್ಲಗೆ ಹೋಗುವಾಗ ಬೆಕ್ಕಿನ ಹಾಗೆ ಸದ್ದೇ ಇಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಮೈ ತೊಳೆದು, ಮೇಣ ತಿಕ್ಕಿ, ಬಾಗಿಲಿನಲ್ಲಿ ತನ್ನ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದ. ಎಲ್ಲಕ್ಕಿಂತ ಹೆಚ್ಚಿನ ಮೋಹ ಒಳಗಿನ ಪರದೆಯ ಮೇಲೆ. ಅಲ್ಲೊಂದು ಪುಟ್ಟ ಗಿಡದ ಚಿತ್ರ ಬರುತ್ತದೆ. ಪೆಟ್ರೋಲು ಉಳಿಸಿಕೊಂಡು ನಯವಾಗಿ ಓಡಿಸಿದರೆ ಗಿಡದಲ್ಲಿ ಒಂದೊಂದೇ ಹಸಿರು ಎಲೆ ಚಿಗುರುತ್ತದೆ. ಜೋರಾಗಿ ತುಳಿದರೆ ಉದುರಿಹೋಗುತ್ತದೆ.

"ಎಲೆ ಬಂತು ನೋಡೇ, ವೀಣಾ! ಇನ್ನೊಂದು ಬಂತು!"

"ಕುಳ್ಳಂಗೆ ತಿನ್ಸಕಾಯ್ತದಾ ಕೇಳಿ" ಅನ್ನುತ್ತಿದ್ದಳು ಹೆಂಡತಿ ವೀಣ.

ಕುಳ್ಳ ಅಂದರೆ ಅವಳ ಟಗರು. ಅಪ್ಪಟ ಬಂಡೂರು ತಳಿ. ಗಿಡ್ಡ ಕಾಲು, ದಿಂಡು ಮೈ, ಮೇಲಿಂದ ನೋಡಿದರೆ ಕಲ್ಲುಗುಂಡು ಉರುಳಿಕೊಂಡು ಬಂದಂತೆ. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ವೀಣ ಬಾಟಲಿಯಲ್ಲಿ ಹಾಲು ಕುಡಿಸಿ, ಒಲೆಯ ಪಕ್ಕ ಗೋಣಿ ಹಾಸಿ ಮಲಗಿಸಿ, ಮಗುವಿನ ಹಾಗೆ ಸಾಕಿದ್ದಳು. ಈಗ ಅದಕ್ಕೆ ಎರಡು ಹಲ್ಲು ಬಂದಿತ್ತು. ಕುರಿಯ ವಯಸ್ಸನ್ನು ಕೆಳದವಡೆಯ ಹಲ್ಲು ನೋಡಿ ಹೇಳುತ್ತಾರೆ. ಮಂಡ್ಯ ಪಕ್ಕದ ವಿ.ಸಿ. ಫಾರಂ ಹತ್ತಿರದ ಬಯಲಿನಲ್ಲಿ ಕುರಿ ಸಾಕುವವರು ವರ್ಷಕ್ಕೊಮ್ಮೆ ಸೇರಿ ನಡೆಸುವ ಮೇಳದಲ್ಲಿ ಸ್ಪರ್ಧೆ ಇರುವುದು ಎರಡು ಹಲ್ಲಿನ ಟಗರಿಗೆ ಮಾತ್ರ. ಈ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ನಾಲ್ಕು ಹಲ್ಲು. ಅಲ್ಲಿಗೆ ಮುಗಿಯಿತು.

ಗೆದ್ದ ಟಗರಿನ ಮರಿ ಬೇಕು ಅಂತ ಜಿಲ್ಲೆಯ ಜನ ಮುಂಚೆಯೇ ಹೇಳಿಟ್ಟು ಹೋಗುತ್ತಾರೆ. ಆದರೆ ವೀಣಳಿಗೆ ಬೇಕಾಗಿದ್ದು ಅದಕ್ಕಿಂತ ಚಿಕ್ಕದು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವಳು 'ಡೇರಿ ಯತೀಶನ ಹೆಂಡತಿ'. ರೇಷನ್ ಅಂಗಡಿಯಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ.

"ಮೈಕಲ್ಲಿ ನನ್ ಎಸ್ರು ಕೂಗ್ಬೇಕು ಕಣ್ರೀ. ವೀಣ ಅವರ ಟಗರು ಅಂತ. ಒಂದೇ ಒಂದ್ ಸಲ."

ಇಷ್ಟೇ ಆಸೆ. ಇದಕ್ಕಾಗಿ ಅವಳು ಮದ್ದೂರಿನಲ್ಲಿ ಪಿಕಪ್ಪು ಇಟ್ಟುಕೊಂಡಿದ್ದ ತಮ್ಮ ರಘುನಂದನನಿಗೆ ತಿಂಗಳ ಹಿಂದೆಯೇ ಹೇಳಿಟ್ಟಿದ್ದಳು. ಯತೀಶನಿಗೆ ಉರಿದದ್ದು ಅಲ್ಲೇ! ಮನೆ ಮುಂದೆ ಹೈಬ್ರಿಡ್ ಕಾರು ನಿಂತಿರುವಾಗ ಭಾಮೈದನ ಪಿಕಪ್ಪೇ? ಆ ಭಾಮೈದನೋ, ಕಾರು ನೋಡಿದಾಗಲೆಲ್ಲ "ಏನ್ ಭಾವ, ಚಾರ್ಜಿಗೆ ಆಕಿದ್ದೀರಾ?" ಅಂತ ನಗುವವನು.

ಯತೀಶ ಫೋನು ಮಾಡಿದ.

"ನೀನ್ ಬರ್ಬೇಡ ಕಣ್ಲಾ ರಘು. ಬ್ಯಾರೆ ಏರ್ಪಾಟಾಗದೆ."

"ಅಕ್ಕಂಗ್ ಗೊತ್ತಾ ಭಾವ?"

"ನಿಮ್ಮಕ್ಕನೇ ಯೋಳಿದ್ದು!"

ಆಮೇಲೆ ಅಡುಗೆಮನೆಗೆ ಹೋಗಿ, ಮುಖ ಸಪ್ಪೆ ಮಾಡಿಕೊಂಡು ಹೇಳಿದ: "ನಿನ್ ತಮ್ಮಂಗೆ ದೊಡ್ ಬಾಡ್ಗೆ ಸಿಕ್ತಂತೆ. ಬರಾಕಾಗಲ್ವಂತೆ."

ವೀಣ ಸಾರು ತಿರುವುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ರಘು ಅಂಗಂದ್ನಾ? ನಂಗೆ?"

"ಕಾಲ ಅಂಗದೆ ಕಣೆ. ಬುಡು, ನಾನಿಲ್ವಾ?"

ಅವಳು ತಮ್ಮನಿಗೆ ಫೋನು ಮಾಡಲಿಲ್ಲ. ಅವನಾಗೇ ಮಾಡಲಿ ಅಂತ ಮುನಿಸು. ಅತ್ತ ತಮ್ಮನೂ ಮಾಡಲಿಲ್ಲ. ಅಕ್ಕನೇ ಬೇಡ ಅಂದಳಲ್ಲ ಅಂತ ಮುನಿಸು. ನಡುವೆ ಯತೀಶ ಮಾತ್ರ ಹಬ್ಬದ ಸಂಭ್ರಮದಲ್ಲಿ ಸೋಮನಹಳ್ಳಿಗೆ ಹೊರಟ, ಟ್ರೇಲರ್ ಮಾಡಿಸಲು.

ಸೋಮನಹಳ್ಳಿಯ ವೆಲ್ಡಿಂಗ್ ಶೆಡ್ಡಿನ ಚೌಡಯ್ಯ ಕಾರಿನ ಕೆಳಗೆ ನುಗ್ಗಿ, ಎದ್ದು, ಕೈ ಒರೆಸಿಕೊಂಡು ಕೇಳಿದ. "ಸಾಮಿ, ಇದು ಎಳ್ಯಾಕೆ ಮಾಡಿರೋ ಗಾಡಿನಾ? ಪುಸ್ತಕ ನೋಡಿದ್ರಾ?"

ಯತೀಶ ನೋಡಿದ್ದ. ಎಳೆಯಲು ಬಳಸಬೇಡಿ ಅಂತ ಅದರಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. "ಅದು ಬ್ಯಾರೆ ದೇಸದೋರ್ಗೆ ಬರ್ದಿರಾದು. ನೀನ್ ಬೆಸಿ!"

ಹಾಗಂತ ಅವನು ಬೇಜವಾಬ್ದಾರಿ ಮನುಷ್ಯ ಅಂದುಕೊಳ್ಳಬೇಡಿ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಟ್ರೇಲರ್ ಶಾಸ್ತ್ರದಲ್ಲಿ ಪಂಡಿತನಾಗಿದ್ದ. ಕೊಕ್ಕೆ ಕಳಚಿದರೂ ಗಾಡಿ ಓಡಿಹೋಗದಂತೆ ಅಡ್ಡಡ್ಡ ಎರಡು ಸರಪಳಿ ಹಾಕಿಸಿದ. ಹಿಂದೆ ಕೆಂಪು ದೀಪ, ಇಂಡಿಕೇಟರು. ಚಕ್ರಕ್ಕೆ ಅಳೆದು ಗಾಳಿ. ಹಿಂದಿನದೆಲ್ಲ ಕಾಣುವಂತೆ ಆನೆ ಕಿವಿಯಂಥ ಎರಡು ಕನ್ನಡಿ. ಮುಂದಿನ ವಾಹನಕ್ಕೂ ತನಗೂ ದೂರ ಎಷ್ಟಿರಬೇಕು, ತಿರುವಿನಲ್ಲಿ ಹೇಗೆ ಅಗಲವಾಗಿ ತಿರುಗಬೇಕು, ಎಲ್ಲ ಬಾಯಿಪಾಠ! ಒಂದೇ ಒಂದು ವಿಡಿಯೋ ಬಿಟ್ಟ. ಟ್ರೇಲರಿಗೆ ಭಾರ ಹೇರುವುದು ಹೇಗೆ ಅನ್ನುವ ವಿಡಿಯೋ.

"ಭಾರ ಏರಾದ್ ಮಂಡ್ಯ ಜಿಲ್ಲೆಯೋನ್ಗೆ ಯೋಳ್ಕೊಡ್ತಾನಾ ಇವ್ನು? ಕಬ್ಬು ಏರಿದ ವಂಸ ನಮ್ದು!"

ಮೇಳದ ಬೆಳಿಗ್ಗೆ ಬಂತು. ಕುಳ್ಳನಿಗೆ ಸ್ನಾನ ಮಾಡಿಸಿ, ಕೊರಳಿಗೆ ಹೊಸ ಗೆಜ್ಜೆ ಕಟ್ಟಿ, ವೀಣ ತನ್ನ ಮದುವೆಯ ಸೀರೆ ಉಟ್ಟು ನಿಂತಳು. ಯತೀಶನ ತಾಯಿ ಹೊಂಬಾಳಮ್ಮ ಮಂಡ್ಯದಲ್ಲಿರುವ ಮಗಳ ಮನೆಗೆ ಹೋಗುವ ನೆಪ ಹಿಡಿದು, ಸಂಚಿ ಸಿಕ್ಕಿಸಿಕೊಂಡು ಹಿಂದಿನ ಸೀಟು ಸೇರಿಯಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದೂ ಆಯಿತು.

ಆ ಊರಲ್ಲಿ ಒಂದು ಕಟ್ಟಳೆ. ಊರಿಂದ ಪೇಟೆಗೆ ಹೊರಡುವ ಗಾಡಿ ಖಾಲಿ ಹೋಗಬಾರದು. ಹೋದರೆ ಗಾಡಿಯವನ ಮನಸ್ಸು ಸಣ್ಣದು ಅಂತ ಅರ್ಥ. ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್ ಬಂದರೂ ಕಟ್ಟಳೆ ಹೋಗಿಲ್ಲ. ಟ್ರೇಲರ್ ಕಂಡದ್ದೇ ತಡ, ಬಂತು ನೋಡಿ ಮೆರವಣಿಗೆ! ಅಂಕಮ್ಮ ಮಗಳ ಮನೆಗೆ ಅಂತ ತೆಂಗಿನಕಾಯಿ ಮೂಟೆ ತಂದಳು. ಇನ್ಯಾರದೋ ಬೆಲ್ಲದ ಪೆಂಟೆ. ಮತ್ಯಾರದೋ ಬಾಳೆಗೊನೆ, ಕುಂಬಳಕಾಯಿ.

"ಇದು ಟಗರಿನ ಗಾಡಿ ಕಣ್ರೀ! ಸಂತೆ ಗಾಡಿಯಲ್ಲ!" ಅಂದಳು ವೀಣ.

"ಇರ್ಲಿ ಬುಡೇ. ಬ್ಯಾಡ ಅಂದ್ರೆ ಗಾಡಿಗೆ ತಾಕತ್ತಿಲ್ಲ ಅಂತಾರೆ."

ಈಗ ಹೇರುವ ಪ್ರಶ್ನೆ. ಯತೀಶ ಕಾರಿನ ಬೆನ್ನು ಸವರಿದ. ಚಿಕ್ಕಂದಿನಲ್ಲಿ ಅಪ್ಪ ಗಾಡಿ ಹೇರುವಾಗ ಬೈಯುತ್ತಿದ್ದ ಮಾತು ಅವನಿಗೆ ನೆನಪಿತ್ತು: ನೊಗದ ಮೇಲೆ ಭಾರ ಬೀಳಿಸಬೇಡ, ಎತ್ತಿನ ಕತ್ತು ನೋಯ್ತದೆ. ಅಪ್ಪ ಅದರ ಹಿಂದೆ ಮುಂದೆ ಇನ್ನೂ ಏನೋ ಹೇಳುತ್ತಿದ್ದ. ಅದು ನೆನಪಿರಲಿಲ್ಲ.

"ಮೂಟೆಯೆಲ್ಲ ಇಂದಕ್ಕೆ ಮಡಗಿ! ಮುಂದ್ಕೆ ಬ್ಯಾಡ. ನನ್ ಕಾರಿನ್ ಕತ್ತು ನೋಯ್ಬಾರ್ದು!"

"ಊಂ ಕಣ್ ಮಗ" ಅಂದಳು ಹೊಂಬಾಳಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ಮೂಕ್ ಪ್ರಾಣಿ."

"ಕಾರು ಮೂಕ್ ಪ್ರಾಣಿನಾ ಅತ್ತೆ?"

"ಮಾತಾಡ್ತದಾ ಮತ್ತೆ?"

ತಾಯಿ ಮಗ ಇಬ್ಬರೂ ಒಪ್ಪಿದ ಮೇಲೆ ಅಪೀಲಿಲ್ಲ. ಭಾರವೆಲ್ಲ ಟ್ರೇಲರಿನ ಹಿಂಬದಿಗೆ ಹೋಯಿತು. ಕುಳ್ಳನನ್ನೂ ಹಿಂದಕ್ಕೇ ಕಟ್ಟಿದರು. ಟ್ರೇಲರಿನ ಮೂತಿ ಎಷ್ಟು ಹಗುರವಾಯಿತು ಅಂದರೆ ಯತೀಶ ಒಂದೇ ಕೈಯಲ್ಲಿ ಎತ್ತಿ ಕೊಕ್ಕೆಗೆ ಸಿಕ್ಕಿಸಿ, "ನೋಡಿದ್ರಾ? ಊವು!" ಅಂದ.

ದಂಡಯಾತ್ರೆ ಹೊರಟಿತು. ದಾರಿಯಲ್ಲಿ ಸಿಗುವ ದೊಡ್ಡಿ ಅನ್ನುವ ಊರಿಗೆ ಬರುವಷ್ಟರಲ್ಲಿ ಹಿಂದೆ ಏನೋ ತೊನೆಯಲು ಶುರುವಾಯಿತು. ಟ್ರೇಲರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದರ ಜೊತೆಗೆ ಕಾರಿನ ಹಿಂಭಾಗವೂ.

"ಲೇ ಯತೀಸ, ಇದ್ಯಾಕ್ಲಾ ಸೊಂಟ ಕುಣಿಸ್ತದೆ?" ಅಂತ ಹೊಂಬಾಳಮ್ಮ ಹಿಂದಿನಿಂದ ಕೇಳಿದಳು.

"ಕುಸಿಯಾಗದೆ ಕಣವ್ವ! ಬಾಲ ಆಡಿಸ್ತದೆ!"

ದೊಡ್ಡಿಯಲ್ಲಿ ಮಂಡ್ಯದ ಕಡೆ ತಿರುಗಬೇಕಾದವನು ತಿರುಗದೆ ನೇರ ನಡೆದ.

"ಇದು ಮದ್ದೂರ್ ರೋಡಲ್ವಾ? ಹೊತ್ತಾಯ್ತದೆ ಕಣ್ರೀ!"

"ಅಲ್ಲಿಂದ ರೋಡ್ ಚೆಂದಾಗದೆ."

ರೋಡಿನ ಚೆಂದ ಅಲ್ಲ. ಮದ್ದೂರಿನಲ್ಲಿ ರಘುನಂದನ ಪಿಕಪ್ಪು ನಿಲ್ಲಿಸುವ ಜಾಗದ ಮುಂದೆ ಟಗರು, ಟ್ರೇಲರು, ಆನೆಕಿವಿ ಕನ್ನಡಿ ಸಮೇತ ಒಂದು ಸಲ ಮೆಲ್ಲಗೆ, ಸದ್ದಿಲ್ಲದೆ ಹಾದುಹೋಗಬೇಕು. ಒಂದೇ ಒಂದು ಸಲ ಹಾರ್ನು ಹೊಡೆಯಬೇಕು. ಅಷ್ಟೇ ಅವನ ಆಸೆ! ಗಂಡಹೆಂಡಿರಿಬ್ಬರದೂ ಆ ದಿನ ಒಂದೊಂದೇ ಸಲದ ಆಸೆ. ಆದರೆ ಸ್ಟಿಯರಿಂಗು ಇದ್ದದ್ದು ಒಬ್ಬರ ಕೈಯಲ್ಲಿ.

ಮದ್ದೂರು ಇನ್ನೇನು ಬಂತು ಅನ್ನುವಾಗ ನಾಲೆಯ ಸೇತುವೆಗೆ ಒಂದು ಇಳಿಜಾರು. ಹೈಬ್ರಿಡ್ ಕಾರಿನ ಗಮ್ಮತ್ತು ಇರುವುದೇ ಇಳಿಜಾರಿನಲ್ಲಿ. ಸುಮ್ಮನೆ ಹರಿಯಬಿಟ್ಟರೆ ಕರೆಂಟು ತಾನಾಗೇ ತುಂಬಿಕೊಳ್ಳುತ್ತದೆ. ಊರಿಂದ ಇಲ್ಲಿಯವರೆಗೆ ಭಾರ ಎಳೆದು ಎಳೆದು ಗಿಡ ಬೋಳಾಗಿತ್ತು. ಈಗ ಚಿಗುರತೊಡಗಿತು! ಒಂದು ಎಲೆ, ಇನ್ನೊಂದು ಎಲೆ. ಯತೀಶನ ಕಣ್ಣು ರಸ್ತೆಯಿಂದ ಪರದೆಗೆ ಜಾರಿತು.

"ನಿಧಾನ ಓಗ್ರೀ! ಮುಂದೆ ಕಬ್ಬಿನ್ ಟ್ರ್ಯಾಕ್ಟ್ರು!"

"ತಡ್ಕ, ಇನ್ನೊಂದ್ ಎಲೆ—"

ಟ್ರ್ಯಾಕ್ಟರು ಸೇತುವೆಯ ಮೇಲೆ ನಿಂತೇಬಿಟ್ಟಿತು. ಯತೀಶ ಬ್ರೇಕು ತುಳಿದ. ಕಾರು ನಿಂತಿತು, ಟ್ರೇಲರು ನಿಲ್ಲಲಿಲ್ಲ. ಬಾಲ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಮೂರನೆಯ ಬೀಸಿಗೆ ಹೂವಿನಂಥ ಮೂತಿ ಕೊಕ್ಕೆಯಿಂದ ಎದ್ದು ಆಕಾಶ ನೋಡಿತು! ಆ ಪುಣ್ಯದ ಸರಪಳಿಗಳು ಹಿಡಿದುಕೊಂಡವು, ಇಲ್ಲದಿದ್ದರೆ ಕಥೆ ಹೇಳಲು ಯಾರೂ ಇರುತ್ತಿರಲಿಲ್ಲ. ಟ್ರೇಲರಿನ ಹಿಂಭಾಗ ಧಡಾರನೆ ನೆಲಕ್ಕೆ ಬಿತ್ತು, ಬಾಗಿಲು ಬಿಚ್ಚಿಕೊಂಡಿತು. ಕಾರಿನ ಬಂಪರು ಒಂದು ಕಡೆ ಕಿತ್ತು ಕಿವಿಯೋಲೆಯ ಹಾಗೆ ನೇತಾಡಿತು. ಅಂಕಮ್ಮನ ತೆಂಗಿನಕಾಯಿಗಳು ಸ್ವಾತಂತ್ರ್ಯ ಬಂದಂತೆ ನಾಲೆಯ ಕಡೆ ಓಡಿದವು. ಕುಂಬಳಕಾಯಿ ಹೋಳಾಯಿತು. ಹಗ್ಗ ತುಂಡರಿಸಿಕೊಂಡ ಕುಳ್ಳ ಜಾರುಬಂಡೆಯಲ್ಲಿ ಜಾರಿದಂತೆ ಜಾರಿ, ರಸ್ತೆಯ ಮೇಲೆ ನಾಲ್ಕೂ ಕಾಲಿನಲ್ಲಿ ಇಳಿದು, ಮೈ ಕೊಡವಿತು. ಒಂದು ಗೀರೂ ಇಲ್ಲ!

"ಕುಳ್ಳಾ! ಅಯ್ಯೋ ನನ್ ಕಂದಾ!" ವೀಣ ಇಳಿದು ಓಡಿದಳು.

ಕುಳ್ಳ ಮಾತ್ರ ಅವಳ ಕಡೆ ನೋಡಲಿಲ್ಲ. ಅದು ನೋಡಿದ್ದು ಕಾರಿನ ಬಾಗಿಲನ್ನು. ದಿನಾ ಮೇಣ ತಿಕ್ಕಿಸಿಕೊಂಡು ಕನ್ನಡಿಯಾಗಿದ್ದ ಆ ಬಾಗಿಲಿನಲ್ಲಿ ಇನ್ನೊಂದು ಟಗರು ನಿಂತಿತ್ತು. ಗಿಡ್ಡ ಕಾಲು, ದಿಂಡು ಮೈ, ದುರಹಂಕಾರದ ಮುಖ! ಕುಳ್ಳ ನಾಲ್ಕು ಹೆಜ್ಜೆ ಹಿಂದೆ ಹೋಯಿತು.

"ಬ್ಯಾಡ! ಕುಳ್ಳಾ ಬ್ಯಾಡ ಕಣೋ! ಅದು ನೀನೇ ಕಣೋ!" ಅಂತ ಯತೀಶ ಒಳಗಿಂದ ಅರಚಿದ.

ಢಣ್!

ಬಾಗಿಲು ಒಳಗೆ ಹೋಯಿತು. ತಗ್ಗಿನಲ್ಲಿ ಕಂಡ ಟಗರು ಈಗ ಮೊದಲಿಗಿಂತ ದಪ್ಪವಾಗಿ, ಬಾಯಿ ಸೊಟ್ಟ ಮಾಡಿ ಅಣಕಿಸುವಂತಿತ್ತು. ಕುಳ್ಳನಿಗೆ ಇನ್ನೂ ಸಿಟ್ಟು ಬಂತು. ಢಣ್! ಢಣ್! ಯತೀಶ ಪಕ್ಕದ ಸೀಟಿನ ಮೇಲಿಂದ ತೆವಳಿಕೊಂಡು ಆಚೆ ಬಾಗಿಲಿನಿಂದ ಬಿದ್ದ.

ವೀಣ ಟಗರಿನ ಕೊರಳಿಗೆ ಎರಡೂ ತೋಳು ಹಾಕಿ ತಬ್ಬಿ ಕುಳಿತಳು. "ಹೊತ್ತಿಲ್ಲ. ಏನಾರಾ ಮಾಡಿ. ರಘುಗಾದ್ರೂ ಫೋನ್ ಮಾಡಿ. ಮದ್ದೂರು ಇಲ್ಲೇ ಅದೆ. ಬಾಡ್ಗೆ ಮುಗ್ದಿದ್ರೂ ಮುಗ್ದಿರ್ತದೆ."

"ಅವನ್ಯಾಕೆ? ಈಗ್ ಸರಿ ಮಾಡ್ತೀನಿ ಇರು."

ಯತೀಶ ಟ್ರೇಲರ್ ಎತ್ತಿದ, ಇಳಿಸಿದ, ಬಂಪರು ಕಟ್ಟಿದ, ಬಿಚ್ಚಿದ. ರಘುನಂದನನ ಹೆಸರೆತ್ತಿದರೆ ಮಾತ್ರ ಕೇಳಿಸದವನಂತೆ ಕೆಳಗೆ ನುಗ್ಗುತ್ತಿದ್ದ. ಹೊತ್ತು ನೆತ್ತಿಗೇರುತ್ತಿತ್ತು. ಕೊನೆಗೆ ವೀಣ, ಕೈಯಲ್ಲಿ ಟಗರು ಇದ್ದದ್ದರಿಂದ, ಫೋನನ್ನು ಮಡಿಲಲ್ಲಿಟ್ಟು ಸ್ಪೀಕರ್ ಹಾಕಿ ತಾನೇ ತಮ್ಮನಿಗೆ ಮಾಡಿದಳು.

"ರಘು, ಎಲ್ಲಿದ್ದೀಯೋ? ನಿನ್ ಬಾಡ್ಗೆ ಮುಗೀತಾ?"

"ಯಾವ್ ಬಾಡ್ಗೆ ಅಕ್ಕ? ನೀನೇ ಬ್ಯಾಡ ಅಂದ್ಯಂತಲ್ಲ, ಭಾವ ಫೋನ್ ಮಾಡಿದ್ರು. ಗಾಡಿ ಸುಮ್ಕೆ ನಿಂತಿತ್ತು. ನಿಮ್ಮೂರ್ ಸಿದ್ದರಾಮಣ್ಣ ಅವನ್ ಟಗರಾ ತಕ್ಕ ಓಗಾನ ಅಂದ. ಈಗ ವಿ.ಸಿ. ಫಾರಂ ತಾವೇ ಇವ್ನಿ. ಸಾಲಲ್ಲಿ ನಿಲ್ಲಿಸ್ತಾವ್ರೆ. ನೀವಿನ್ನೂ ಬಂದಿಲ್ವಾ?"

ಹೊಂಬಾಳಮ್ಮ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದಳು.

ವೀಣ ತಲೆಯೆತ್ತಿದಳು. ಮದುವೆಯಾದಾಗಿನಿಂದ 'ರೀ' ಅನ್ನುತ್ತಿದ್ದವಳು ಆಗ 'ರೀ' ಬಿಟ್ಟಳು.

"ನೀನ್ ಬ್ಯಾಡ ಅಂದ್ಯಾ?"

"ಅದು… ನಿಂಗೇ ಕುಸಿಯಾಗ್ಲಿ ಅಂತ ಕಣೆ…"

"ನಂಗಾ? ನಿಂಗಾ?"

ಅಷ್ಟು ಕೇಳಿ ಅವಳು ಎದ್ದು, ಬರುತ್ತಿದ್ದ ಪ್ಯಾಸೆಂಜರ್ ಆಟೋಗೆ ಅಡ್ಡ ನಿಂತಳು.

"ಟಗರ್ಗೆಲ್ಲ ಸೀಟಿಲ್ಲ ಕಣಮ್ಮೋ!" ಅಂದ ಆಟೋದವನು.

"ನನ್ ಸೀಟಲ್ಲಿ ಅದು ಕುಂತ್ಕತದೆ. ನಾನ್ ಕೆಳಗ್ ಕುಂತ್ಕತೀನಿ. ಮಂಡ್ಯಕ್ ಬುಡು, ಬ್ಯಾಗ!"

ಮದುವೆಯ ಸೀರೆ ಆಟೋದ ನೆಲ ಗುಡಿಸಿಕೊಂಡು ಹೋಯಿತು. ಕುಳ್ಳ ಸೀಟಿನ ಮೇಲೆ ಸಾಹುಕಾರನ ಹಾಗೆ ಕೂತಿತ್ತು. ಹಿಂದಿರುಗಿ ನೋಡಿದ್ದು ಅದೊಂದೇ.

ಯತೀಶ ಕಾರಿನ ಕಡೆ ಓಡಿದ. ಹೊಂಬಾಳಮ್ಮ ಅಡ್ಡಗಟ್ಟಿದಳು. "ಎಲ್ಲಿಗ್ಲಾ? ಅಂಕಮ್ಮನ್ ಕಾಯಿ? ಒಂದ್ ಕಮ್ಮಿಯಾದ್ರೂ ಊರಲ್ಲಿ ತಲೆ ಎತ್ತಂಗಿಲ್ಲ! ಇಳಿ ನಾಲೆಗೆ!"

ಡೇರಿಯ ಕಾರ್ಯದರ್ಶಿ ಪ್ಯಾಂಟು ಮಡಿಚಿಕೊಂಡು ನಾಲೆಗೆ ಇಳಿದ. ತೇಲುವ ತೆಂಗಿನಕಾಯಿ ಹಿಡಿಯುವುದು ಎಷ್ಟು ಕಷ್ಟ ಅಂತ ಹಿಡಿದವನಿಗೇ ಗೊತ್ತು. ಫೋನಿನಲ್ಲಿ ಚೌಡಯ್ಯ ಬೇರೆ: "ಭಾರ ಇಂದಕ್ಕಾ? ಮೂತಿ ಅಗುರಾದ್ರೆ ಬಾಲ ಆಡ್ದೆ ಇನ್ನೇನ್ ಸಾಮಿ!" ಸೇತುವೆಯ ಮೇಲೆ ನಿಂತವರು ವಿಡಿಯೋ ಮಾಡಿದರು. ಟ್ರೇಲರನ್ನು ಒಂದು ಟೀ ಅಂಗಡಿಯವನ ವಶಕ್ಕೆ ಕೊಟ್ಟು, ಬಂಪರನ್ನು ಟಗರಿನ ಹಗ್ಗದಲ್ಲಿ ಬಿಗಿದು, ಕಾಯಿ ಮೂಟೆ, ತಾಯಿ ಇಬ್ಬರನ್ನೂ ಹೇರಿಕೊಂಡು ಅವನು ಮಂಡ್ಯದ ಹಾದಿ ಹಿಡಿದ. ತಾಯಿಯನ್ನೂ ಮೂಟೆಯನ್ನೂ ತಂಗಿಯ ಮನೆ ಮುಂದೆ ಇಳಿಸಿ ವಿ.ಸಿ. ಫಾರಂ ರಸ್ತೆಗೆ ತಿರುಗಿದಾಗಲೇ ದೂರದಿಂದ ಮೈಕು ಕೇಳಿಸಿತು.

"ಎರಡು ಹಲ್ಲಿನ ಟಗರು… ಪ್ರಥಮ ಸ್ಥಾನ… ಮಳವಳ್ಳಿ ತಾಲೂಕಿನ… ಸಿದ್ದರಾಮು!"

ಚಪ್ಪಾಳೆ. ತಮಟೆ.

ವೀಣ ಬೇಲಿಯ ಆಚೆ ಹೊಂಗೆಮರದ ಕೆಳಗೆ ಕೂತಿದ್ದಳು. ಪಕ್ಕದಲ್ಲಿ ಕುಳ್ಳ ಹುಲ್ಲು ಮೇಯುತ್ತಿತ್ತು. ರಘುನಂದನ ಪಿಕಪ್ಪಿನ ಚಕ್ರ ಒದೆಯುತ್ತಿದ್ದ. ತೀರ್ಪು ಕೊಟ್ಟ ಹಿರಿಯರೊಬ್ಬರು ಆ ಕಡೆ ಬಂದವರು ಕುಳ್ಳನನ್ನು ಕಂಡು ನಿಂತರು. ಬೆನ್ನು ಒತ್ತಿದರು. ತುಟಿ ಬಿಡಿಸಿ ಹಲ್ಲು ನೋಡಿದರು. ಮತ್ತೆ ಬೆನ್ನು ಒತ್ತಿದರು.

"ಇದು ಎಲ್ಲಿತ್ತಮ್ಮ ಇಷ್ಟೊತ್ತು?"

"ರೋಡಲ್ಲಿತ್ತು ಸಾರ್."

"ಛೆ! ಇದು ಬಂದಿದ್ರೆ… ಇರ್ಲಿ ಬುಡು. ಮುಂದಿನ್ ವರ್ಷ ತಕ್ಕ ಬಾ."

"ಮುಂದಿನ್ ವರ್ಷಕ್ಕೆ ನಾಕಲ್ಲು ಸಾರ್."

ಹಿರಿಯರು ಟಗರಿನ ತಲೆ ಸವರಿ ಹೊರಟುಹೋದರು. ಹೋಗುವಾಗ ಕಾರು ನೋಡಿ ಯತೀಶನನ್ನು ಕೇಳಿದರು. "ಬಾಗಿಲಿಗೆ ಯಾವ್ ಗಾಡಿ ಗುದ್ತಪ್ಪ?"

"ಇದೇ ಟಗರು ಸಾರ್."

"ಒಳ್ಳೇ ಕೆಲ್ಸ ಮಾಡದೆ."

ವೀಣ, ಕುಳ್ಳ ಇಬ್ಬರೂ ಪಿಕಪ್ಪಿನಲ್ಲೇ ಊರಿಗೆ ಹೋದರು. ಯತೀಶ ಖಾಲಿ ಕಾರಿನಲ್ಲಿ, ಹಿಂದೆ ಯಾರೂ ಇಲ್ಲದೆ, ಪಕ್ಕದಲ್ಲಿ ಯಾರೂ ಇಲ್ಲದೆ, ಮೆಲ್ಲಗೆ ಬಂದ. ಮನೆ ಮುಂದೆ ನಿಲ್ಲಿಸಿ ಕಾರು ಆರಿಸಿದ. ಆಗ ಪರದೆ ಬೆಳಗಿತು. ಗಿಡದ ತುಂಬ ಎಲೆ! ಒಂದೂ ಬಿಡದೆ, ಕೊಂಬೆ ಕಾಣದಷ್ಟು ಎಲೆ! ಕೆಳಗೊಂದು ಸಾಲು: ಇಂದಿನ ನಿಮ್ಮ ಚಾಲನೆ ಅತ್ಯುತ್ತಮ!

ವೀಣ ಹೊಸಿಲ ಮೇಲೆ ನಿಂತು ನೋಡುತ್ತಿದ್ದಳು. ಕುಡುಗೋಲು ತಂದು ಕಾರಿನ ಬಾನೆಟ್ಟಿನ ಮೇಲಿಟ್ಟಳು.

"ಎಲೆ ಅಂದ್ರೆ ಇಷ್ಟ ಅಲ್ವಾ? ಓಗು, ಕುಳ್ಳಂಗೆ ಅಗಸೆಸೊಪ್ಪು ಕುಯ್ಕಂಡ್ ಬಾ."

ಅಂದಿನಿಂದ ದಿನಾ ಅವನೇ ಕುಯ್ಯುತ್ತಾನೆ. ಬಾಗಿಲಿನ ತಗ್ಗು ಹಾಗೇ ಇದೆ, ಸರಿ ಮಾಡಿಸಲು ವೀಣ ಬಿಟ್ಟಿಲ್ಲ. ಟ್ರೇಲರು ಕುಳ್ಳನ ಮೇವಿನ ತೊಟ್ಟಿಯಾಗಿದೆ. ಕುಳ್ಳ ಟ್ರೇಲರಿನ ಮೂತಿಯ ಕಡೆಯೇ ಮಲಗುತ್ತದೆ, ಈಗ ಭಾರ ಸರಿಯಾಗಿದೆ! 'ರೀ' ಮಾತ್ರ ಇನ್ನೂ ವಾಪಸು ಬಂದಿಲ್ಲ.

ಮಳವಳ್ಳಿ ಕಡೆ ಹೋದರೆ ದಯವಿಟ್ಟು ಅವರನ್ನು ಕಂಡು ಬನ್ನಿ. 'ಹೈಬ್ರಿಡ್ ಯತೀಶನ ಮನೆ' ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, 'ಟಗರು ಗುದ್ದಿದ ಕಾರಿನ ಮನೆ' ಅನ್ನಿ, ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ನಿಮ್ಮ ಕಾರು ಹೊಳೆಯುವಂಥದಾದರೆ ಬೀದಿಯ ತುದಿಯಲ್ಲೇ ನಿಲ್ಲಿಸಿ. ಮೈಲೇಜು ಎಷ್ಟು ಅಂತ ಕೇಳಬೇಡಿ. ನೇರ ಹಿತ್ತಿಲಿಗೆ ಹೋಗಿ, ಕುಳ್ಳನ ಬೆನ್ನ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ: "ವೀಣ ಅವರ ಟಗರು!" ಯತೀಶ ದಿನಾ ಬೆಳಿಗ್ಗೆ ಸೊಪ್ಪು ಹಾಕುವಾಗ ಕೂಗುತ್ತಾನೆ. ಅವನು ಕೂಗಿದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ನೀವಾದರೂ ಹೋಗಿ ಒಂದು ಸಲ ಕೂಗಿ.